ಹೆಗ್ಗಡಿತಿ, ಫಣಿಯಮ್ಮ, ಗಯ್ಯಾಳಿಗಳು: ಮಲೆನಾಡಿನ ಕಥನದಲ್ಲಿ ಮತದಾರಳ ಹೆಸರು

1

ಮತದಾನದ ಹಕ್ಕನ್ನು ಕುರಿತು ಯೋಚಿಸುವಾಗ ನಾವು ಶಾಸನಗಳನ್ನೂ ಚುನಾವಣೆಯ ಅಂಕಿ ಅಂಶಗಳನ್ನೂ ನೆನೆಯುವುದು ವಾಡಿಕೆ, ಕಾದಂಬರಿಗಳನ್ನು ನೆನೆಯುವುದಿಲ್ಲ. ಅದು ರಾಜ್ಯಶಾಸ್ತ್ರದ ವಿಷಯ, ಸಾಹಿತ್ಯವಿಮರ್ಶೆಗೆ ಅದರಿಂದ ಆಗಬೇಕಾದುದೇನು ಎಂಬ ಶಂಕೆ ಸಹಜವಾಗಿಯೇ ಏಳುತ್ತದೆ. ಆದರೆ ಮತದಾರರ ಪಟ್ಟಿಯೆಂಬುದು ಮೊದಲಿಗೆ ಒಂದು ಹೆಸರುಗಳ ಪಟ್ಟಿ. ಹೆಣ್ಣನ್ನು ಯಾವ ಹೆಸರಿನಿಂದ ಕರೆಯಬೇಕು, ಅವಳನ್ನು ಒಬ್ಬಳೆಂದು ಎಣಿಸಬೇಕೋ ಒಂದು ಮನೆಯ ಭಾಗವೆಂದು ಎಣಿಸಬೇಕೋ ಎಂಬ ಪ್ರಶ್ನೆ ಆ ಪಟ್ಟಿಯನ್ನು ಬರೆಯುವ ಗುಮಾಸ್ತನ ಮುಂದೆ ಇದ್ದಂತೆಯೇ ನಮ್ಮ ಕಾದಂಬರಿಕಾರರ ಮುಂದೆಯೂ ಇತ್ತು. ಈ ಪ್ರಶ್ನೆಯ ಬೆಳಕಿನಲ್ಲಿ ಮಲೆನಾಡಿನ ಮೂರು ಕಥನಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿನ ಕಡೆಗೆ ಹೋಗುವ ದಾರಿಯಲ್ಲಿರುವ ಆಲ್ದೂರು ಒಂದು ಹೋಬಳಿಯ ಕೇಂದ್ರ. ಸುತ್ತಲೂ ಕಾಫಿ ತೋಟಗಳು. ತೋಟಗಳಲ್ಲಿ ಹಣ್ಣು ಕೊಯ್ಯುವ ಕೆಲಸ ಬಹುಮಟ್ಟಿಗೆ ಹೆಂಗಸರದು. ಇಂಥ ಊರಿನ ಒಬ್ಬ ಹೆಣ್ಣುಮಗಳ ಹೆಸರು ಎಷ್ಟು ಪುಸ್ತಕಗಳಲ್ಲಿ ದಾಖಲಾಗುತ್ತದೆಂಬುದನ್ನು ಎಣಿಸಿ ನೋಡಿದರೆ ನಮ್ಮ ಪ್ರಶ್ನೆ ಸ್ಪಷ್ಟವಾಗುತ್ತದೆ. ತೋಟದ ರೈಟರ ಚೆಕ್‌ರೋಲಿನಲ್ಲಿ ಅವಳು ಒಂದು ಆಳು. ಪಡಿತರ ಚೀಟಿಯಲ್ಲಿ ಒಂದು ಕುಟುಂಬದ ಸದಸ್ಯೆ. ಸ್ತ್ರೀಶಕ್ತಿ ಸಂಘದ ಪುಸ್ತಕದಲ್ಲಿ ಉಳಿತಾಯ ಕಟ್ಟುವವಳು. ಮತದಾರರ ಪಟ್ಟಿಯಲ್ಲಿ ಮಾತ್ರ ತೋಟದ ಸಾಹುಕಾರರಿಗೆ ಸರಿಸಮನಾದ ಒಂದು ಮತ. ಈ ಪುಸ್ತಕಗಳ ನಡುವಣ ದೂರವನ್ನು ನಮ್ಮ ಸಾಹಿತ್ಯ ಎಷ್ಟರಮಟ್ಟಿಗೆ ಅಳೆದಿದೆಯೆಂಬುದು ವಿಚಾರಾರ್ಹವಾಗಿದೆ.

ನಾವು ಆರಿಸಿಕೊಂಡಿರುವ ಕೃತಿಗಳಲ್ಲಿ ಯಾವುದೂ ಆಲ್ದೂರಿನ ಕಥೆಯಲ್ಲ. ಆದರೆ ಮೂರೂ ಅದರ ನೆರೆಹೊರೆಯವು. ಕುವೆಂಪು ಹುಟ್ಟಿದುದು ಇದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಎಂ. ಕೆ. ಇಂದಿರಾ ತೀರ್ಥಹಳ್ಳಿಯವರು, ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ ಬರೆದವರು. ಒಂದೇ ಮಳೆ, ಒಂದೇ ಬಗೆಯ ಮನೆತನ, ಒಂದೇ ಬಗೆಯ ಆಳು-ಒಡೆಯರ ಸಂಬಂಧ ಈ ಮೂರು ಕೃತಿಗಳ ಹಿನ್ನೆಲೆಯಲ್ಲಿದೆ.

2

ಮೊದಲು ಇತಿಹಾಸದ ಕೆಲವು ಸಂಗತಿಗಳು. 1917ರಲ್ಲಿ ಮದರಾಸಿನ ಅಡಯಾರಿನಲ್ಲಿ ಮಾರ್ಗರೆಟ್ ಕಸಿನ್ಸ್ ಮೊದಲಾದವರು ಭಾರತೀಯ ಮಹಿಳಾ ಸಂಘವನ್ನು ಸ್ಥಾಪಿಸಿದರು. ಅದೇ ವರ್ಷ ಸರೋಜಿನಿ ನಾಯಿಡು ಅವರ ನೇತೃತ್ವದ ನಿಯೋಗವೊಂದು ಭಾರತಮಂತ್ರಿ ಮಾಂಟೆಗುವನ್ನು ಕಂಡು ಹೆಂಗಸರಿಗೂ ಮತ ಬೇಕೆಂದು ಕೇಳಿತು. 1921ರಲ್ಲಿ ಮದರಾಸು ಪ್ರಾಂತದಲ್ಲಿಯೂ, 1923ರ ಶಾಸನದಿಂದ ಮೈಸೂರು ಸಂಸ್ಥಾನದಲ್ಲಿಯೂ ಹೆಣ್ಣೆಂಬ ಕಾರಣಕ್ಕಿದ್ದ ಅಡ್ಡಿ ದೂರವಾಯಿತು. 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಮದರಾಸು ಶಾಸನಸಭೆಯ ಸ್ಥಾನಕ್ಕೆ ನಿಂತು ಅತ್ಯಲ್ಪ ಅಂತರದಿಂದ ಸೋತರು. ಘಟ್ಟದ ಕೆಳಗಿನ ಈ ಸುದ್ದಿ ಘಟ್ಟದ ಮೇಲಿನ ಓದುಬಲ್ಲವರಿಗೆ ತಲಪಿರಲೂಬಹುದು. ಆದರೆ ಅಂದಿನ ಮತ ಆಸ್ತಿಗೂ ಕಂದಾಯಕ್ಕೂ ಗಂಟುಬಿದ್ದುದು. ಆಗ ಕಡೂರು ಜಿಲ್ಲೆಯೆಂದು ಕರೆಯಲ್ಪಡುತ್ತಿದ್ದ ಈ ಸೀಮೆಯ ತೋಟದ ಲೈನುಗಳಲ್ಲಿದ್ದ ಹೆಣ್ಣಿಗೆ ಆಸ್ತಿಯೂ ಇರಲಿಲ್ಲ, ಕಂದಾಯವೂ ಇರಲಿಲ್ಲ. ಆದುದರಿಂದ ಮತವೂ ಇರಲಿಲ್ಲ. ಅವಳಿಗೆ ಅದು ದೊರೆತುದು ಸಂವಿಧಾನ ಜಾರಿಗೆ ಬಂದು, 1951-52ರಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ ನಡೆದಾಗ.

ಆ ಚುನಾವಣೆಯ ಒಂದು ಸಂಗತಿ ನಮ್ಮ ವಿಷಯಕ್ಕೆ ಬಹು ಮುಖ್ಯ. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಪಟ್ಟಿಗಳನ್ನು ಸಿದ್ಧಪಡಿಸಿದಾಗ ಸುಮಾರು 28 ಲಕ್ಷ ಹೆಂಗಸರು ತಮ್ಮ ಹೆಸರನ್ನು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದರು. ಅವರನ್ನು ಪಟ್ಟಿಯಿಂದ ಕೈಬಿಡಲಾಯಿತು. ಇವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳವರೆಂಬುದು ನಿಜ. ಆದರೂ ಹೆಣ್ಣನ್ನು ಮನೆಯ ಹೆಸರಿನಿಂದ ಗುರುತಿಸುವ ರೂಢಿ ಮಲೆನಾಡಿಗೆ ಅಪರಿಚಿತವಲ್ಲ. ನಮ್ಮ ಕಾದಂಬರಿಗಳ ಶೀರ್ಷಿಕೆಗಳೇ ಅದಕ್ಕೆ ಸಾಕ್ಷಿ.

3

1936ರಲ್ಲಿ ಪ್ರಕಟವಾದ ‘ಕಾನೂರು ಹೆಗ್ಗಡಿತಿ’ಯ ಹೆಗ್ಗಡಿತಿಗೆ ಸುಬ್ಬಮ್ಮ ಎಂಬ ಹೆಸರಿದೆ. ಆದರೆ ಇಂದು ಬಳಕೆಯಲ್ಲಿರುವ ಶೀರ್ಷಿಕೆಯಲ್ಲಿ ಆ ಹೆಸರಿಲ್ಲ. ಊರಿನ ಹೆಸರು, ಮನೆತನದ ಪದವಿ ಇವೆರಡೂ ಸೇರಿ ಅವಳನ್ನು ಮರೆಸಿಬಿಟ್ಟಿವೆ. ಇದನ್ನು ಕವಿಯ ಅಲಕ್ಷ್ಯವೆಂದು ತಿಳಿಯುವುದು ತಪ್ಪು. ಕೃತಿಯ ಅಂತರಂಗವೇ ಈ ಶೀರ್ಷಿಕೆಯಲ್ಲಿ ಅಡಗಿದೆ. ಬಡ ಮನೆಯಿಂದ ಬಂದು ಚಂದ್ರಯ್ಯಗೌಡರ ಮೂರನೆಯ ಹೆಂಡತಿಯಾದ ಸುಬ್ಬಮ್ಮನಿಗೆ ದೊರೆತ ಅಧಿಕಾರವೆಲ್ಲ ಮದುವೆಯ ಮೂಲಕ ಬಂದುದು. ಅದು ಅವಳನ್ನು ಯಾರೂ ಕೇಳದೆ ಕೊಟ್ಟ ಪದವಿ. ಗಂಡನ ಮರಣಾನಂತರ ಮನೆಯ ಯಜಮಾನಿಕೆ ಅವಳ ಕೈಗೆ ಬಂದಾಗ ಅದನ್ನು ಹೊರಲು ಬೇಕಾದ ಅಭ್ಯಾಸವಾಗಲಿ ಸಹಚಾರಿಣಿಯರಾಗಲಿ ಅವಳಿಗಿಲ್ಲ. ಅವಳ ಬಾಳು ದುರಂತಕ್ಕೆ ಸಾಗುತ್ತದೆ. ಸುಬ್ಬಮ್ಮನ ಪತನವನ್ನು ಶೀಲದ ದೃಷ್ಟಿಯಿಂದಲೇ ಅಳೆಯುತ್ತ ಬಂದರೆ, ಇನ್ನೊಬ್ಬರ ಹೆಸರಿನಿಂದ ಬಂದ ಅಧಿಕಾರ ತನ್ನ ಹೆಸರಿಲ್ಲದವಳನ್ನು ಹೇಗೆ ಮುಗಿಸಿಬಿಡುತ್ತದೆಂಬ ಅಂಶ ಮರೆಗೆ ಸರಿಯುತ್ತದೆ. ಕಾದಂಬರಿಯ ರಾಜಕೀಯ ಒಳನೋಟ ಅಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ.

1976ರ ‘ಫಣಿಯಮ್ಮ’ ಇದಕ್ಕೆ ತೀರ ಭಿನ್ನವಾದ ಕೃತಿ. ಇಲ್ಲಿ ಶೀರ್ಷಿಕೆಯೇ ಒಂದು ಹೆಸರು. ವಿಪರ್ಯಾಸವೆಂದರೆ ಈ ಹೆಸರುಳ್ಳವಳು ಬಾಲ್ಯದಲ್ಲಿಯೇ ವಿಧವೆಯಾದವಳು. ಮನೆತನದ ಪದವಿಗಳಲ್ಲಿ ಯಾವುದೂ ಅವಳಿಗೆ ಸಲ್ಲದು. ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆಸಿಕೊಳ್ಳುವ ಅವಕಾಶವೇ ಅವಳಿಗಿಲ್ಲವಾದುದರಿಂದ ಅವಳು ಫಣಿಯಮ್ಮನಾಗಿಯೇ ಉಳಿದಳು. ಮಡಿಯ ಕಟ್ಟಳೆಯೊಳಗೆ ಬಾಳು ಸವೆಸಿದ ಈ ಮುದುಕಿ ಎಳೆಯ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲು ಒಪ್ಪದೆ ನಿಂತಾಗ ಅವಳ ಪರವಾಗಿ ನಿಲ್ಲುತ್ತಾಳೆ. ಅಲ್ಲಿ ಘೋಷಣೆಯಿಲ್ಲ, ಸಭೆಯಿಲ್ಲ; ಆದರೆ ತಾನು ಅನುಭವಿಸಿದ್ದು ಇನ್ನೊಬ್ಬಳಿಗೆ ಬೇಡವೆಂಬ ತೀರ್ಮಾನವಿದೆ. ಮತವೆಂಬ ಪದದ ಮೊದಲ ಅರ್ಥ ಅಭಿಪ್ರಾಯವೆಂಬುದನ್ನು ನೆನೆದರೆ, ಫಣಿಯಮ್ಮ ಅಂದು ಕೊಟ್ಟುದು ತನ್ನ ಮತವನ್ನೇ.

ಸುಮಾರು 1840ರಿಂದ 1952ರವರೆಗೆ ಹಬ್ಬಿದ ಬಾಳು ಅವಳದು. ನಾಡಿನ ಹೆಂಗಸರು ಮೊದಲ ಬಾರಿಗೆ ಮತಗಟ್ಟೆಗೆ ನಡೆದ ಕಾಲಕ್ಕೆ ಈ ಬಾಳು ಮುಗಿಯುತ್ತದೆ. ಆದರೆ ಕಥನ ಕಾಣುವುದು ಮನೆಯ ಒಳಗನ್ನು; ಚುನಾವಣೆಯ ಸದ್ದು ಅದರ ಹೊಸ್ತಿಲನ್ನು ದಾಟುವುದಿಲ್ಲ. ಕಾದಂಬರಿಕಾರ್ತಿ ಚುನಾವಣೆಯ ದೃಶ್ಯವೊಂದನ್ನು ಸೇರಿಸಬೇಕಾಗಿತ್ತೆಂದು ನಾವು ಹೇಳುತ್ತಿಲ್ಲ. ಕಲೆಗೆ ಅಂಥ ಕಂದಾಯ ವಿಧಿಸುವುದು ವಿಮರ್ಶಕನ ಕೆಲಸವಲ್ಲ. ಆದರೆ ಒಬ್ಬಳ ತೀರ್ಮಾನ ಮನೆಯೊಳಗೇ ಉಳಿದಾಗ ಅದರ ಫಲವೂ ಒಬ್ಬ ದಾಕ್ಷಾಯಿಣಿಗೆ ಮಾತ್ರ ಸಲ್ಲುತ್ತದೆಂಬ ಮಿತಿಯನ್ನು ಗುರುತಿಸುವುದು ಅಗತ್ಯ. ಫಣಿಯಮ್ಮನಿಗೆ ಹೆಸರಿದೆ, ಬಹುವಚನವಿಲ್ಲ.

ಆ ಬಹುವಚನ ನಮಗೆ ದೊರೆಯುವುದು ತೇಜಸ್ವಿಯವರ ‘ಕಿರಗೂರಿನ ಗಯ್ಯಾಳಿಗಳು’ ಕಥೆಯಲ್ಲಿ. ಗಾಳಿಗೆ ಉರುಳಿದ ಮರವೊಂದರಿಂದ ಹುಟ್ಟಿದ ವ್ಯಾಜ್ಯ ಬೆಳೆದು ಊರಿನ ಗಂಡಸರು ಜಾತಿಜಗಳಕ್ಕೆ ಸಿದ್ಧರಾದಾಗ, ದಾನಮ್ಮ ಮೊದಲಾದ ಹೆಂಗಸರು ಒಟ್ಟಾಗಿ ಮುನ್ನುಗ್ಗಿ ಅವರ ಸೊಕ್ಕನ್ನು ಇಳಿಸುತ್ತಾರೆ. ಶೀರ್ಷಿಕೆಯ ಪದವನ್ನು ಗಮನಿಸಬೇಕು. ಜೋರು ದನಿಯ ಗಂಡಸಿಗೆ ಊರು ಕೊಡುವ ಹೆಸರು ಯಜಮಾನ. ಅದೇ ದನಿಯ ಹೆಂಗಸಿಗೆ ಗಯ್ಯಾಳಿ. ದನಿ ಹೊಸ್ತಿಲು ದಾಟಿದ ಹೆಣ್ಣಿಗೆ ಊರು ವಿಧಿಸುವ ದಂಡ ಆ ಪದ. ತೇಜಸ್ವಿಯವರು ಬೈಗುಳವನ್ನೇ ಎತ್ತಿ ಶೀರ್ಷಿಕೆಯಾಗಿಟ್ಟು, ಕಥೆ ಮುಗಿಯುವ ವೇಳೆಗೆ ಅದನ್ನು ಬಿರುದಿನಂತೆ ಕೇಳಿಸುತ್ತಾರೆ. 2016ರಲ್ಲಿ ಸುಮನಾ ಕಿತ್ತೂರು ಈ ಕಥೆಯನ್ನು ಚಲನಚಿತ್ರವಾಗಿಸಿದರು.

ಈ ಮೆಚ್ಚುಗೆಯ ಜೊತೆಗೆ ಒಂದು ಆಕ್ಷೇಪಣೆಯನ್ನೂ ಹೇಳಬೇಕಾಗಿದೆ. ಕಿರಗೂರಿನ ಹೆಂಗಸರ ಒಗ್ಗಟ್ಟು ಸಿಟ್ಟಿನಿಂದ ಹುಟ್ಟಿದುದು. ಮರ ಉರುಳಿಸಿದ ಗಾಳಿಯಂತೆಯೇ ಅದು ಒಮ್ಮೆಗೇ ಬೀಸುತ್ತದೆ. ಕೂಡಿ ಕುಳಿತು ಮಾತಾಡುವ, ತೀರ್ಮಾನ ಬರೆದಿಡುವ, ಮರುವಾರ ಮತ್ತೆ ಸೇರುವ ಶಿಸ್ತು ಅಲ್ಲಿಲ್ಲ. ಕಥೆಯ ಹಾಸ್ಯ ಎಷ್ಟು ಸೊಗಸೆಂದರೆ ಆ ಕೊರತೆಯನ್ನು ವಾಚಕ ಮರೆತುಬಿಡುತ್ತಾನೆ. ಹೆಂಗಸರು ಗೆದ್ದರೆಂದು ನಕ್ಕು ಪುಸ್ತಕ ಮುಚ್ಚುತ್ತಾನೆ. ನಕ್ಕವನು ತನ್ನ ಊರಿನ ಪಂಚಾಯತಿಯ ಕಡೆ ತಿರುಗಿ ನೋಡುವಂತೆ ಕಥೆ ಒತ್ತಾಯಿಸುವುದಿಲ್ಲ.

4

ಹೀಗೆ ಮೂರು ಶೀರ್ಷಿಕೆಗಳಲ್ಲಿ ಮೂರು ಸ್ಥಿತಿಗಳು ಕಾಣುತ್ತವೆ: ಪದವಿಯಿದ್ದು ಹೆಸರು ಮರೆಯಾದವಳು, ಹೆಸರಿದ್ದು ಒಂಟಿಯಾದವಳು, ಒಟ್ಟಾಗಿ ನಿಂತು ಬೈಗುಳ ಹೊತ್ತವರು. ರಾಜಕೀಯದಲ್ಲಿ ಪಾಲುಗೊಳ್ಳುವುದಕ್ಕೆ ಸ್ವಂತ ಹೆಸರೂ ಬೇಕು, ಬಹುವಚನವೂ ಬೇಕು. ಇವೆರಡನ್ನೂ ಒಟ್ಟುಗೂಡಿಸುವ ಕೆಲಸವನ್ನು ಸಾಹಿತ್ಯಕ್ಕಿಂತ ಮೊದಲು ಶಾಸನ ಮಾಡಿತೆಂದು ಒಪ್ಪಿಕೊಳ್ಳಬೇಕಾಗುತ್ತದೆ. ಅಬ್ದುಲ್ ನಜೀರ್ ಸಾಬರ ಹೆಸರಿನೊಡನೆ ಸೇರಿಹೋಗಿರುವ 1983ರ ಶಾಸನ ಮಂಡಲ ಪಂಚಾಯತಿಗಳಲ್ಲಿ ಹೆಂಗಸರಿಗೆ ಶೇಕಡಾ 25 ಸ್ಥಾನಗಳನ್ನು ಮೀಸಲಿಟ್ಟಿತು. 1987ರಲ್ಲಿ ಅದರಂತೆ ಚುನಾವಣೆ ನಡೆಯಿತು. 1993ರಲ್ಲಿ ಸಂವಿಧಾನದ 73ನೆಯ ತಿದ್ದುಪಡಿ ಆ ಪಾಲನ್ನು ದೇಶಕ್ಕೆಲ್ಲ ಮೂರನೆಯ ಒಂದು ಭಾಗಕ್ಕೆ ಏರಿಸಿತು. 2010ರಲ್ಲಿ ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿತು. ಲೋಕಸಭೆ ವಿಧಾನಸಭೆಗಳಲ್ಲಿ ಮೂರನೆಯ ಒಂದು ಪಾಲು ಕೊಡುವ 106ನೆಯ ತಿದ್ದುಪಡಿ ಬಂದುದು 2023ರಲ್ಲಿ. ಹಳ್ಳಿಯ ಕಟ್ಟೆ ದಿಲ್ಲಿಗಿಂತ 36 ವರ್ಷ ಮುಂದಿತ್ತೆಂಬುದು ಗಮನಾರ್ಹ.

ಇಲ್ಲಿ 1978ನ್ನು ಮರೆಯುವಂತಿಲ್ಲ. ಆ ವರ್ಷದ ನವೆಂಬರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನಿಂದ ನಿಂತು ವೀರೇಂದ್ರ ಪಾಟೀಲರನ್ನು ಸೋಲಿಸಿದರು. ಕಾಫಿಸೀಮೆಯ ಹೆಸರು ಜಗತ್ತಿನ ಪತ್ರಿಕೆಗಳಲ್ಲಿ ಮೂಡಿತು. ಆದರೆ ಒಬ್ಬ ಮಹಾನಾಯಕಿಗೆ ಮತ ಹಾಕುವುದು ಬೇರೆ, ತಮ್ಮ ಕೇರಿಯ ನೀರಿನ ನಲ್ಲಿಯ ಬಗ್ಗೆ ತಾವೇ ನಿರ್ಣಯ ಕೈಗೊಳ್ಳುವುದು ಬೇರೆ. ಮೊದಲನೆಯದಕ್ಕೆ ಒಂದು ದಿನದ ರಜೆ ಸಾಕು. ಎರಡನೆಯದಕ್ಕೆ ವರ್ಷಗಳ ಅಭ್ಯಾಸ ಬೇಕು. ಮೂಡಿಗೆರೆಯ ಮೀಸಲು ಕ್ಷೇತ್ರದಿಂದ ಆಯ್ಕೆಯಾಗಿ ಮಂತ್ರಿಯೂ ಆದ ಮೋಟಮ್ಮನವರು 2022ರಲ್ಲಿ ‘ಬಿದಿರು ನೀನ್ಯಾರಿಗಲ್ಲದವಳು’ ಎಂಬ ಆತ್ಮಕಥನವನ್ನು ಹೊರತಂದುದನ್ನು ಈ ಕಾರಣಕ್ಕಾಗಿಯೇ ನಾವು ಸಾಹಿತ್ಯದ ಘಟನೆಯಾಗಿ ಎಣಿಸುತ್ತೇವೆ. ಈ ಸೀಮೆಯಲ್ಲಿ ಮತ ಕೇಳಿದ ದಲಿತ ಹೆಣ್ಣೊಬ್ಬಳು ತನ್ನ ಹೆಸರಿನಲ್ಲಿ ಹೊರತಂದ ಪುಸ್ತಕ ಅದು. ಹೆಗ್ಗಡಿತಿಯಿಂದ ಇಲ್ಲಿಗೆ ಬರಲು ಕನ್ನಡಕ್ಕೆ 86 ವರ್ಷ ಹಿಡಿಯಿತು.

ಹಕ್ಕು ದೊರೆತೊಡನೆ ಹೆಸರು ದೊರೆಯಿತೆಂದು ಭಾವಿಸುವುದು ಅವಸರವಾದೀತು. ಸದಸ್ಯೆಯ ಕುರ್ಚಿಯ ಪಕ್ಕದಲ್ಲಿ ಅವಳ ಗಂಡ ಕುಳಿತು ಮಾತಾಡುವುದು, ಅವಳು ಹೇಳಿದಲ್ಲಿ ಸಹಿ ಹಾಕುವುದು ನಾಡಿನಲ್ಲೆಲ್ಲ ಕೇಳಿಬಂದ ದೂರು. ಅಂಥ ಸದಸ್ಯೆ ಹೆಗ್ಗಡಿತಿಯ ವಂಶದವಳು. ಪದವಿ ಅವಳದು, ದನಿ ಇನ್ನೊಬ್ಬರದು. ಅವಳು ಎದ್ದು ನಿಂತು ಮಾತಾಡಿದರೆ ಗಯ್ಯಾಳಿಯೆಂಬ ಪದ ಸಿದ್ಧವಾಗಿ ಕಾದಿರುತ್ತದೆ. ನಮ್ಮ ಕಾದಂಬರಿಗಳು ಮುಗಿದುಹೋದ ಕಾಲದ ಚಿತ್ರಗಳೆಂದು ತರಗತಿಯಲ್ಲಿ ಬೋಧಿಸುವ ಅಧ್ಯಾಪಕರು ಈ ಸಂಗತಿಯನ್ನು ವಿದ್ಯಾರ್ಥಿಗಳ ಮುಂದಿಡಬೇಕು.

5

ಪ್ರತಿವರ್ಷ ಜನವರಿ 25ರಂದು ಮತದಾರರ ದಿನವನ್ನೂ ಮಾರ್ಚ್ 8ರಂದು ಮಹಿಳಾ ದಿನವನ್ನೂ ಆಚರಿಸುತ್ತೇವೆ. ಹೂವು, ಭಾಷಣ, ಪ್ರತಿಜ್ಞೆಗಳಿಂದ ಕೂಡಿದ ಈ ಆಚರಣೆಗಳನ್ನು ಲಘುವಾಗಿ ಕಾಣುವುದು ಸಲ್ಲದು. ದಿನಗೂಲಿ ಬಿಟ್ಟು ಬಂದು ಸಭೆಯಲ್ಲಿ ಕುಳಿತವಳಿಗೆ ಆ ಸಭೆಯ ಬೆಲೆ ಎಷ್ಟೆಂಬುದು ಚೆನ್ನಾಗಿ ಗೊತ್ತು. ಆದರೆ ಆಚರಣೆಯ ಸಾರ್ಥಕ್ಯವನ್ನು ಅಳೆಯಲು ನಮ್ಮ ಮೂರು ಕೃತಿಗಳು ಒಂದು ಸರಳವಾದ ಅಳತೆಗೋಲನ್ನು ಕೊಡುತ್ತವೆ. ಸಭೆಯ ನಡವಳಿಯಲ್ಲಿ ಅವಳ ಹೆಸರು ಯಾರದೋ ಹೆಂಡತಿಯೆಂದು ಬರೆಯಲ್ಪಟ್ಟಿದೆಯೇ, ಅವಳದೇ ಆಗಿದೆಯೇ? ಆ ಹೆಸರಿನ ಮುಂದೆ ಅವಳು ಆಡಿದ ಮಾತು ದಾಖಲಾಗಿದೆಯೇ? ಮುಂದಿನ ಸಭೆಯಲ್ಲಿ ಆ ಮಾತಿಗೆ ಉತ್ತರ ದೊರೆತಿದೆಯೇ?

2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭವಾದಂದಿನಿಂದ ಇಂಥ ನಡವಳಿ ಪುಸ್ತಕಗಳು ಹಳ್ಳಿಹಳ್ಳಿಗಳಲ್ಲಿ ಬೆಳೆದಿವೆ. ಕಟ್ಟಿದ ಉಳಿತಾಯ, ಪಡೆದ ಸಾಲ, ಒಪ್ಪಿದ ನಿರ್ಣಯ, ಕೊನೆಯಲ್ಲಿ ಸಾಲಾಗಿ ಸಹಿಗಳು, ಸಹಿ ಬಾರದವರ ಹೆಬ್ಬೆಟ್ಟಿನ ಗುರುತುಗಳು. ಹಸ್ತಪ್ರತಿಗಳನ್ನು ಅರಸಿ ಮಠಗಳಿಗೂ ಮನೆಗಳಿಗೂ ಹೋಗುವುದು ನಮ್ಮ ಕನ್ನಡ ವಿಭಾಗಗಳ ಹೆಮ್ಮೆಯ ಪರಂಪರೆ. ಆಲ್ದೂರಿನಂಥ ಹೋಬಳಿಗಳಿಂದ ಬರುವ ನಮ್ಮ ವಿದ್ಯಾರ್ಥಿನಿಯರು ತಮ್ಮ ತಾಯಂದಿರ ಸಂಘದ ಪುಸ್ತಕಗಳನ್ನೂ ಅದೇ ಶ್ರದ್ಧೆಯಿಂದ, ಸಂಘದವರ ಒಪ್ಪಿಗೆ ಪಡೆದು ಓದಲಿ. ಮೊದಲ ಬಾರಿ ಮತ ಹಾಕಿದ ಹಿರಿಯರ ನೆನಪುಗಳನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಲಿ. ಕುವೆಂಪು, ಇಂದಿರಾ, ತೇಜಸ್ವಿ ಅವರು ಬರೆಯದೆ ಬಿಟ್ಟ ನಾಲ್ಕನೆಯ ಕಥನದ ಸಾಮಗ್ರಿ ಅಲ್ಲಿದೆ. ಅದರ ಶೀರ್ಷಿಕೆ ಒಂದು ಪದವಿಯಾಗಿರಲಾರದು, ಒಂದು ಬೈಗುಳವೂ ಆಗಿರಲಾರದು. ಹಲವು ಹೆಸರುಗಳ ಒಂದು ಪಟ್ಟಿಯಾಗಿರುತ್ತದೆ.