ನಮಾಜಿನ ಕಾಲವೂ ಹೃದಯದ ಸನ್ನಿಧಿಯೂ: ಗಜಾಲಿಯ ಒಂದು ಪ್ರಕರಣದ ವಿಮರ್ಶೆ

ಕರ್ಮಕ್ಕೆ ಕಾಲವನ್ನು ಗೊತ್ತುಮಾಡುವುದು ಶಾಸ್ತ್ರಕ್ಕೆ ಸಾಧ್ಯ. ಆ ಕಾಲದಲ್ಲಿ ಕರ್ತೃವಿನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಶಾಸ್ತ್ರಕ್ಕೆ ಸಾಧ್ಯವೆ? ನಿತ್ಯಕರ್ಮವನ್ನು ವಿಧಿಸಿದ ಯಾವ ಮತದಲ್ಲಿಯೂ ಈ ಪ್ರಶ್ನೆಯು ಏಳದೆ ಇರಲಾರದು. ಮುಸಲ್ಮಾನರ ಐದು ಹೊತ್ತಿನ ನಮಾಜಿನ ವಿಷಯದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಎತ್ತಿ ವಿಚಾರಿಸಿದವರಲ್ಲಿ ಅಬೂ ಹಾಮಿದ್ ಗಜಾಲಿಯು ಅಗ್ರಗಣ್ಯನು. ಕ್ರಿ. ಶ. 1058ರಲ್ಲಿ ಖುರಾಸಾನದ ತೂಸಿನಲ್ಲಿ ಹುಟ್ಟಿ 1111ರಲ್ಲಿ ಅಲ್ಲಿಯೇ ಕಾಲವಾದ ಈ ಪಂಡಿತನು ಅರಬ್ಬಿಯಲ್ಲಿ ರಚಿಸಿದ ‘ಇಹ್ಯಾ ಉಲೂಮುದ್ದೀನ್’, ಎಂದರೆ ‘ಧರ್ಮವಿದ್ಯೆಗಳ ಪುನರುಜ್ಜೀವನ’, ನಲವತ್ತು ಪ್ರಕರಣಗಳ ಮಹಾಗ್ರಂಥವು. ಅದರ ನಾಲ್ಕನೆಯ ಪ್ರಕರಣವು ನಮಾಜಿನ ರಹಸ್ಯಗಳನ್ನು ಕುರಿತದ್ದು. ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಆ ಪ್ರಕರಣವನ್ನೇ.

ಗಜಾಲಿಯ ವಾದವು ತಿಳಿಯಬೇಕಾದರೆ ನಮಾಜಿನ ಕಾಲವಿಧಿಯನ್ನು ಮೊದಲು ತಿಳಿಯಬೇಕು. ಅರುಣೋದಯದಿಂದ ಸೂರ್ಯೋದಯದವರೆಗೆ ಫಜರ್, ಸೂರ್ಯನು ನೆತ್ತಿಯಿಂದ ವಾಲಿದೊಡನೆ ಜುಹರ್, ನೆರಳು ಗೊತ್ತಾದ ಪ್ರಮಾಣಕ್ಕೆ ಬೆಳೆದಾಗ ಅಸರ್, ಸೂರ್ಯಾಸ್ತವಾದೊಡನೆ ಮಗ್ರಿಬ್, ಸಂಜೆಗೆಂಪು ಅಳಿದ ಮೇಲೆ ಇಶಾ. ಹೀಗೆ ದಿನಕ್ಕೆ ಹದಿನೇಳು ರಕಾತುಗಳು ಕಡ್ಡಾಯವು. ಅಸರಿನ ಆರಂಭದಲ್ಲಿ ಮತಭೇದವುಂಟು. ನಡುಹಗಲಿನ ನೆರಳನ್ನು ಕಳೆದು, ವಸ್ತುವಿನ ಎತ್ತರದಷ್ಟು ನೆರಳಾದರೆ ಸಾಕೆಂದು ಶಾಫಿಗಳೂ, ಅದರ ಎರಡರಷ್ಟು ಆಗಬೇಕೆಂದು ಅಬೂ ಹನೀಫನೂ ಹೇಳುತ್ತಾರೆ. ಈ ಕಾಲನಿರ್ಣಯಕ್ಕಾಗಿಯೇ ಮಸೀದಿಗಳಲ್ಲಿ ‘ಮುವಕ್ಕಿತ್’ ಎಂಬ ಜ್ಯೋತಿಷಜ್ಞರನ್ನು ನೇಮಿಸುತ್ತಿದ್ದರು. ದಮಸ್ಕದ ದೊಡ್ಡ ಮಸೀದಿಯ ಮುವಕ್ಕಿತನಾಗಿದ್ದ ಇಬ್ನ್ ಶಾತಿರನು 1371ರಲ್ಲಿ ಅಲ್ಲಿನ ಗೋಪುರಕ್ಕಾಗಿ ರಚಿಸಿದ ಛಾಯಾಯಂತ್ರವು ವಿದ್ವಾಂಸರಲ್ಲಿ ಪ್ರಸಿದ್ಧವಾಗಿದೆ. ಕಾಲವನ್ನು ಇಷ್ಟು ಸೂಕ್ಷ್ಮವಾಗಿ ಅಳೆದ ಸಮಾಜವು ಕಾಲದ ಬೆಲೆಯನ್ನು ಅರಿತದ್ದೆಂಬುದರಲ್ಲಿ ಸಂದೇಹವಿಲ್ಲ. ವರ್ತಕನ ತಕ್ಕಡಿಗೂ ಅಧಿಕಾರಿಯ ಲೇಖನಿಗೂ ದಿನಕ್ಕೆ ಐದು ಸಾರಿ ತಡೆಯುಂಟು. ಆ ತಡೆಯು ಅವರವರ ಅನುಕೂಲವನ್ನು ನೋಡಿ ಬರುವುದಲ್ಲ, ಸೂರ್ಯನ ಗತಿಯನ್ನು ನೋಡಿ ಬರುವುದು.

ಆದರೆ ನೆರಳನ್ನು ಅಳೆಯುವ ಕೋಲು ಮನಸ್ಸನ್ನು ಅಳೆಯಲಾರದು. ಗಜಾಲಿಯ ವಿಚಾರವು ಮೊದಲಾಗುವುದು ಇಲ್ಲಿಂದಲೇ. ಹೊತ್ತಿಗೆ ಸರಿಯಾಗಿ ನಿಂತು, ಬಾಗಿ, ನೆಲಕ್ಕೆ ಹಣೆಯಿಟ್ಟು ಎದ್ದವನ ಚಿತ್ತವು ಆ ವೇಳೆಯಲ್ಲೆಲ್ಲ ಅಂಗಡಿಯ ಲೆಕ್ಕದಲ್ಲಿಯೇ ಇದ್ದರೆ ಅವನು ಮಾಡಿದ್ದೇನು? ಪ್ರಾರ್ಥನೆಯು ಜೀವಂತವಾಗಿರಲು ಆರು ಅಂತರಂಗಗುಣಗಳು ಬೇಕೆಂದು ಗಜಾಲಿಯು ಎಣಿಸುತ್ತಾನೆ: ಹೃದಯದ ಸನ್ನಿಧಿ, ಅರ್ಥಗ್ರಹಣ, ಪೂಜ್ಯಭಾವ, ಭೀತಿ, ಆಶೆ, ಲಜ್ಜೆ. ಇವುಗಳಲ್ಲಿ ಹೃದಯದ ಸನ್ನಿಧಿಯೇ ಮೊದಲನೆಯದು. ಅದಿಲ್ಲದ ನಮಾಜು ರಾಜನಿಗೆ ಕಾಣಿಕೆಯೆಂದು ಸತ್ತ ದಾಸಿಯನ್ನು ಒಪ್ಪಿಸಿದಂತೆ ಎಂಬ ಆತನ ಉಪಮೆಯು ಕಠಿಣವಾದರೂ ಸಾರ್ಥಕವಾದದ್ದು. ಅವಯವಗಳೆಲ್ಲ ಇದ್ದೂ ಪ್ರಾಣವಿಲ್ಲದ ಕಾಣಿಕೆಯು ಕಾಣಿಕೆಯೇ ಅಲ್ಲವೆಂದು ತಾತ್ಪರ್ಯ.

ಹಾಗಾದರೆ ಲೋಕದಲ್ಲಿ ಬಹುಜನರ ನಮಾಜು ವ್ಯರ್ಥವೆಂದು ಹೇಳಬೇಕಾಗುವುದಷ್ಟೆ. ಈ ಆಕ್ಷೇಪವನ್ನು ಗಜಾಲಿಯು ತಾನೇ ಎತ್ತಿಕೊಳ್ಳುತ್ತಾನೆ. ಧರ್ಮಶಾಸ್ತ್ರಜ್ಞರ ತೀರ್ಪು ಬಾಹ್ಯಾಚಾರದ ಮೇಲೆ ಮಾತ್ರ ನಡೆಯತಕ್ಕದ್ದು, ಹೃದಯವನ್ನು ಸೀಳಿ ನೋಡುವ ಅಧಿಕಾರವು ಅವರಿಗಿಲ್ಲ ಎಂಬುದು ಆತನ ಸಮಾಧಾನದ ಮೊದಲ ಭಾಗ. ಆದ್ಯಂತವಾಗಿ ಚಿತ್ತವನ್ನು ನಿಲ್ಲಿಸುವುದು ಕೆಲವರಿಗೆ ಹೊರತು ಯಾರಿಗೂ ಆಗದು. ಆದುದರಿಂದ ಒಂದು ಕ್ಷಣವಾದರೂ, ಅದರಲ್ಲಿಯೂ ಆರಂಭದ ತಕ್ಬೀರನ್ನು ಉಚ್ಚರಿಸುವ ಕ್ಷಣದಲ್ಲಿ, ಹೃದಯವು ಅಲ್ಲಿರಬೇಕು ಎಂಬುದು ಎರಡನೆಯ ಭಾಗ. ಅಷ್ಟೇ ಇದ್ದವನ ನಮಾಜು ಕದಲಲಾರದೆ ಉಸಿರನ್ನು ಮಾತ್ರ ಹಿಡಿದುಕೊಂಡಿರುವ ದೇಹದಂತೆ ಎಂದು ಹೇಳುವುದನ್ನೂ ಆತನು ಮರೆಯುವುದಿಲ್ಲ.

ಪೂರ್ವಮೀಮಾಂಸೆಯನ್ನು ಬಲ್ಲವರಿಗೆ ಇಲ್ಲಿ ಒಂದು ಪರಿಚಿತ ನ್ಯಾಯವು ನೆನಪಾಗುವುದು. ಕಾಮ್ಯಕರ್ಮವು ಸರ್ವಾಂಗಸಹಿತವಾಗಿಯೇ ಆಗಬೇಕು. ನಿತ್ಯಕರ್ಮದಲ್ಲಿ ಪ್ರಧಾನವನ್ನು ಬಿಡದೆ, ಅಂಗಗಳನ್ನು ಯಥಾಶಕ್ತಿಯಾಗಿ ನಡೆಸಿದರೆ ಸಾಕು. ಆದರೆ ಗಜಾಲಿಯ ಮತದಲ್ಲಿ ಏಕಾಗ್ರತೆಯು ಅಂಗವಲ್ಲ, ಪ್ರಾಣವು. ಅಂಗಕ್ಕೆ ಸಲ್ಲುವ ಯಥಾಶಕ್ತಿಯ ರಿಯಾಯತಿಯನ್ನು ಪ್ರಾಣಕ್ಕೆ ಕೊಡುವುದು ಹೇಗೆಂದು ತಾರ್ಕಿಕನು ಕೇಳಬಹುದು. ಇದು ಮೇಲ್ನೋಟಕ್ಕೆ ವಿರೋಧವೇ ಸರಿ. ಆದರೆ ಬೂದಿಯ ಕೆಳಗಿನ ಕೆಂಡವು ಎಷ್ಟು ಚಿಕ್ಕದಾದರೂ ಬೆಂಕಿಯೇ ಆಗಿರುವಂತೆ, ಒಂದು ಕ್ಷಣದ ಸನ್ನಿಧಿಯೂ ಸನ್ನಿಧಿಯೇ. ಮುಂದೆ ಉರಿಸಿಕೊಳ್ಳಲು ಅದರಿಂದಲೇ ಸಾಧ್ಯ. ಗಜಾಲಿಯು ಕೆಂಡವನ್ನು ಉಳಿಸಿದನೇ ಹೊರತು ಬೂದಿಯನ್ನು ಬೆಂಕಿಯೆಂದು ಕರೆಯಲಿಲ್ಲ.

ಚಿತ್ತಚಾಂಚಲ್ಯಕ್ಕೆ ಆತನು ಹೇಳುವ ಚಿಕಿತ್ಸೆಯು ಎರಡು ಬಗೆ. ಬಾಹ್ಯಕಾರಣಗಳಿದ್ದರೆ ಕಣ್ಣನ್ನು ತಗ್ಗಿಸುವುದು, ಗೋಡೆಯ ಸಮೀಪದಲ್ಲಿ ನಿಲ್ಲುವುದು, ಚಿತ್ರವಿಚಿತ್ರಗಳಿಲ್ಲದ ಸ್ಥಳವನ್ನು ಆರಿಸುವುದು. ಆಂತರಕಾರಣಗಳಿದ್ದರೆ ಓದುವುದರ ಅರ್ಥಕ್ಕೆ ಮನಸ್ಸನ್ನು ಬಲವಂತವಾಗಿ ಎಳೆಯುವುದು. ಅದಕ್ಕೂ ಬಗ್ಗದಿದ್ದರೆ? ಇಲ್ಲಿ ಒಂದು ಸುಂದರವಾದ ದೃಷ್ಟಾಂತವಿದೆ. ಮರದಡಿಯಲ್ಲಿ ಕುಳಿತು ಯೋಚಿಸಬೇಕೆಂದಿದ್ದವನಿಗೆ ಗುಬ್ಬಿಗಳ ಕಲಕಲವು ಅಡ್ಡಿಯಾಯಿತು. ಕೋಲಿನಿಂದ ಓಡಿಸಿದನು, ತಿರುಗಿ ಬಂದವು, ತಿರುಗಿ ಓಡಿಸಿದನು. ಇದಕ್ಕೆ ಕೊನೆಯಿಲ್ಲ, ಬಿಡುಗಡೆ ಬೇಕಾದರೆ ಮರವನ್ನೇ ಕಡಿಯಬೇಕೆಂದು ಅವನಿಗೆ ಬುದ್ಧಿ ಹೇಳಿದರಂತೆ. ಮರವೆಂದರೆ ಆಶೆ, ಗುಬ್ಬಿಗಳೆಂದರೆ ಆಲೋಚನೆಗಳು. ಕೋಲು ಹಿಡಿಯುವುದು ಅಭ್ಯಾಸ, ಮರ ಕಡಿಯುವುದು ವೈರಾಗ್ಯ ಎಂದರೆ ಗೀತೆಯ ಆರನೆಯ ಅಧ್ಯಾಯವನ್ನು ಓದಿದವರಿಗೆ ಬೇರೆ ವ್ಯಾಖ್ಯಾನವು ಬೇಡ. ಪ್ರವಾದಿಯ ಅನುಚರನಾದ ಅಬೂ ತಲ್ಹನು ತನ್ನ ತೋಟದಲ್ಲಿ ನಮಾಜು ಮಾಡುತ್ತಿದ್ದಾಗ ಒಂದು ಹಕ್ಕಿಯ ಹಾರಾಟದಲ್ಲಿ ಕಣ್ಣು ನೆಟ್ಟು ರಕಾತುಗಳ ಎಣಿಕೆಯನ್ನು ಮರೆತನೆಂದೂ, ಪ್ರಾಯಶ್ಚಿತ್ತವಾಗಿ ಆ ತೋಟವನ್ನೇ ದಾನಮಾಡಿದನೆಂದೂ ಗಜಾಲಿಯು ಉದಾಹರಿಸುತ್ತಾನೆ. ಗಜಾಲಿಯೂ 1095ರಲ್ಲಿ ಬಾಗ್ದಾದಿನ ನಿಜಾಮಿಯಾ ವಿದ್ಯಾಲಯದ ಉನ್ನತ ಪದವಿಯನ್ನು ಬಿಟ್ಟು ಹೊರಟವನೇ. ಆದುದರಿಂದ ಈ ಮಾತು ಪುಸ್ತಕದ ಮಾತು ಮಾತ್ರವಲ್ಲ.

ಪ್ರಕರಣದ ಕೊರತೆಯೂ ಇಲ್ಲಿಯೇ ಇದೆ. ಐದು ಹೊತ್ತಿನ ವಿಧಿಯು ತೋಟವಿದ್ದವನಿಗೂ ಅಂಗಡಿಯಿದ್ದವನಿಗೂ ಹೊರೆ ಹೊರುವವನಿಗೂ ಸಮಾನವಾದದ್ದು. ಅವರೆಲ್ಲರೂ ಮರವನ್ನು ಕಡಿದು ಕುಳಿತರೆ ಸಂಸಾರವು ನಡೆಯುವ ಬಗೆ ಯಾವುದು? ಹಿಂದಿನ ಸಾಧಕರು ಇಕ್ಕಟ್ಟಾದ ಕತ್ತಲೆಯ ಕೋಣೆಯಲ್ಲಿ ಪ್ರಾರ್ಥಿಸುತ್ತಿದ್ದರೆಂದೂ, ಶಕ್ತರು ಮಾತ್ರ ಮಸೀದಿಗೆ ಬಂದು ದೃಷ್ಟಿಯನ್ನು ತಗ್ಗಿಸಿ ನಿಲ್ಲುತ್ತಿದ್ದರೆಂದೂ ಆತನು ಬರೆಯುತ್ತಾನೆ. ಸಾಮೂಹಿಕ ನಮಾಜು ಒಂಟಿ ನಮಾಜಿಗಿಂತ ಇಪ್ಪತ್ತೇಳು ಪಾಲು ಮೇಲೆಂಬ ಹದೀಸನ್ನು ಕೇಳಿ ಮಸೀದಿಗೆ ಬರುವ ಅಶಕ್ತನ ಗತಿಯೇನು? ಅವನಿಗೆ ವೈರಾಗ್ಯಕ್ಕಿಂತಲೂ ಹತ್ತಿರದ ಸಹಾಯವೆಂದರೆ ಕಾಲನಿಯಮವೇ. ಜುಹರಿನಲ್ಲಿ ತಪ್ಪಿದ ಮನಸ್ಸಿಗೆ ಅಸರಿನಲ್ಲಿ ಇನ್ನೊಂದು ಅವಕಾಶವುಂಟು. ಕೋಲು ಬೀಸಿ ಬೀಸಿ ಸೋತವನ ಕೈಗೂ ಕಾಲಕ್ರಮದಲ್ಲಿ ಬಲವು ಬರುವುದು. ಆವೃತ್ತಿಯ ಈ ಮಹಿಮೆಯನ್ನು ಚಿಕಿತ್ಸಾಭಾಗದಲ್ಲಿ ಇನ್ನಷ್ಟು ಬೆಳಸಿದ್ದರೆ ಗೃಹಸ್ಥನಿಗೆ ಹೆಚ್ಚು ಉಪಕಾರವಾಗುತ್ತಿತ್ತು.

ಹಾಗೆಂದು ಆವೃತ್ತಿಯನ್ನೇ ನಂಬಿ ಅಲಕ್ಷ್ಯ ಮಾಡುವವನನ್ನು ಎಚ್ಚರಿಸುವ ಮಾತೂ ಇದೇ ಪ್ರಕರಣದಲ್ಲಿದೆ. ಬಲ್ಖಿನ ಹಾತಿಮ್ ಅಸಮ್ಮನು ನಮಾಜಿಗೆ ನಿಂತಾಗ ಸ್ವರ್ಗವು ಬಲಗಡೆಯಲ್ಲಿಯೂ ನರಕವು ಎಡಗಡೆಯಲ್ಲಿಯೂ ಮೃತ್ಯುದೂತನು ಬೆನ್ನ ಹಿಂದೆಯೂ ಇರುವಂತೆ ಭಾವಿಸಿ, ಅದೇ ತನ್ನ ಕಡೆಯ ನಮಾಜೆಂದು ಎಣಿಸುತ್ತಿದ್ದನಂತೆ. ಮತ್ತೊಂದು ಹೊತ್ತು ಬರುವುದೆಂಬುದು ಆಶೆ, ಬಾರದಿರಬಹುದೆಂಬುದು ಭಯ. ಮನಸ್ಸಿಲ್ಲದೆ ಮಾಡಿದವನ ಸ್ಥಿತಿಯು ಪೂರ್ತಿಯಾಗಿ ಬಿಟ್ಟವನ ಸ್ಥಿತಿಯಂತಲ್ಲವೆಂದು ಆಶಿಸುವ ಗಜಾಲಿಯೇ, ಸೇವೆಗೆ ಬಂದು ಸನ್ನಿಧಿಯನ್ನು ಅಲಕ್ಷಿಸಿದವನು ಬಾರದವನಿಗಿಂತ ಕೀಳಾಗಬಹುದೆಂದು ಅಂಜುತ್ತಾನೆ. ಎರಡರಲ್ಲಿ ಒಂದನ್ನು ಆರಿಸಿ ಓದುಗನಿಗೆ ಸುಖನಿದ್ರೆಯನ್ನು ಕೊಡದಿರುವುದೇ ಈ ಗ್ರಂಥಕಾರನ ಪ್ರಾಮಾಣಿಕತೆ.

ಸಂಧ್ಯೆಯ ಹೊತ್ತನ್ನು ತಪ್ಪಿಸದೆ ಸಂಧ್ಯೆಯ ಅರ್ಥವನ್ನು ತಪ್ಪಿಸಿಕೊಂಡ ಮನೆಗಳು ಕಡಮೆಯಿಲ್ಲ. ಆದುದರಿಂದ ಈ ಪ್ರಕರಣದ ಪ್ರಯೋಜನವು ಒಂದು ಮತದವರಿಗೇ ಮೀಸಲಾದದ್ದಲ್ಲ. ಹೊತ್ತನ್ನು ಸೂರ್ಯನು ತಂದುಕೊಡುವನು. ಮನಸ್ಸನ್ನು ಮನುಷ್ಯನೇ ತರಬೇಕು.