ಅಟ್ಟಣೆಯಲ್ಲೇ ಕಳ್ಳ

ಕುಂತೂರಿನ ಟೀ ಅಂಗಡಿಯಲ್ಲಿ ಎಚ್‌ಐವಿ ಮಾತು ಬಂದರೆ ಸಾಕು, ಯಾರಾದರೊಬ್ಬರು ತೀರ್ಪು ಕೊಟ್ಟೇ ಬಿಡುತ್ತಾರೆ: "ಮುದ್ದೆ, ಸೊಪ್ಪು ತಿಂದು ಮೈಲಿ ಶಕ್ತಿ ಇಟ್ಕಂಡ್ರೆ ಅದೇನ್ ಮಾಡದು?" ಓದಿದವರದು ಇನ್ನೊಂದು ವರಸೆ, ರಕ್ತದಲ್ಲಿರುವ ಸಿಡಿ4 ಎಂಬ ರೋಗನಿರೋಧಕ ಕೋಶಗಳ ಎಣಿಕೆಯದು: "ಸಿಡಿ4 ಆರುನೂರು ಇದೆ, ಈಗಲೇ ಮಾತ್ರೆ ಯಾಕೆ?" ಎರಡರ ಬೇರೂ ಒಂದೇ. ರೋಗನಿರೋಧಕ ಶಕ್ತಿ ಎಂದರೆ ಕಣಜದ ರಾಗಿ, ಹೆಚ್ಚಿದ್ದಷ್ಟೂ ಕ್ಷೇಮ ಎಂಬ ಲೆಕ್ಕ.

ಇದರಲ್ಲಿ ಅರ್ಧ ನಿಜವಿದೆ, ತೊಂದರೆ ಆಗಿರುವುದೇ ಅದರಿಂದ. ಸೋಂಕು ತಗುಲಿದ ಕೆಲವೇ ವಾರಗಳಲ್ಲಿ ಸಿಡಿ8 ಎಂಬ ಟಿ ಕೋಶಗಳು ಸೋಂಕಿತ ಕೋಶಗಳನ್ನು ಹುಡುಕಿ ಕೊಲ್ಲುತ್ತವೆ. ರಕ್ತದಲ್ಲಿ ಏರಿದ್ದ ವೈರಸ್ ಇಳಿಯುತ್ತದೆ. 1999ರಲ್ಲಿ ಸೋಂಕಿತ ಕೋತಿಗಳ ಮೈಯಲ್ಲಿ ಸಿಡಿ8 ಇಲ್ಲದಂತೆ ಮಾಡಿ ನೋಡಿದರು. ಎಚ್‌ಐವಿಯ ದಾಯಾದಿ ವೈರಸ್ ಮತ್ತೆ ಉಕ್ಕಿತು. ಮಾತ್ರೆಯಿಲ್ಲದೆ ವರ್ಷಗಟ್ಟಲೆ ವೈರಸ್ಸನ್ನು ಹಿಡಿದಿಡುವವರೂ ಇದ್ದಾರೆ, ನೂರಕ್ಕೆ ಒಬ್ಬರಿಗಿಂತ ಕಡಿಮೆ. ಅವರಲ್ಲಿ ಹಲವರಿಗೆ ಎಚ್‌ಎಲ್‌ಎ-ಬಿ57 ಎಂಬ ಜೀನ್ ಇರುತ್ತದೆ. ಅದು ಹೆತ್ತವರಿಂದ ಬಂದದ್ದು, ಮುದ್ದೆಯಿಂದಲ್ಲ. (ಮುದ್ದೆಯ ಮೇಲೆ ನನಗೇನೂ ಕೋಪವಿಲ್ಲ. ಮಾತ್ರೆ ನುಂಗುವವರಿಗೂ ಊಟ ಬೇಕು.)

ಹನೂರಿನ ಕಾಡಂಚಿನಲ್ಲಿ ಅಟ್ಟಣೆ ಕಟ್ಟಿ ಹಂದಿಯಿಂದ ಬೆಳೆ ಕಾಯುವುದನ್ನು ಕಂಡವರಿಗೆ ಉಳಿದರ್ಧ ಹೇಳುವುದು ಸುಲಭ. ಸಿಡಿ4 ಕೋಶ ಅಟ್ಟಣೆಯ ಮೇಲಿನ ಕಾವಲುಗಾರ. ಅವನು ಕೂಗಿದರೆ ಉಳಿದವರು ಎದ್ದು ಬರುತ್ತಾರೆ. ಎಚ್‌ಐವಿ ಹೊಲಕ್ಕೆ ನುಗ್ಗುವುದಿಲ್ಲ, ನೇರ ಅಟ್ಟಣೆ ಹತ್ತುತ್ತದೆ. ಅದಕ್ಕೆ ತೂಕಡಿಸುವವನಿಗಿಂತ ಎಚ್ಚೆತ್ತವನೇ ಅನುಕೂಲ: ಚುರುಕುಗೊಂಡ ಸಿಡಿ4ನಲ್ಲಿ ಅದು ಬೇಗ ಮರಿ ಹಾಕುತ್ತದೆ. ಎಚ್‌ಐವಿಯನ್ನೇ ಗುರುತಿಸಬಲ್ಲ ಸಿಡಿ4ಗಳಿಗೇ ಸೋಂಕು ಹೆಚ್ಚು ತಗುಲುತ್ತದೆಂದು 2002ರಲ್ಲಿ ಗೊತ್ತಾಯಿತು. ಹೀಗಿರುವಾಗ ಶಕ್ತಿವರ್ಧಕ ಡಬ್ಬಿ ಮಾರುವವರು ವರ್ಧಿಸುವುದು ಯಾರ ಶಕ್ತಿಯನ್ನು? ಇತ್ತ ವೈರಸ್ ದಿನಕ್ಕೊಂದು ವೇಷ ಹಾಕುತ್ತದೆ, ಬೆನ್ನಟ್ಟಿ ಬೆನ್ನಟ್ಟಿ ಸಿಡಿ8 ಸೋಲುತ್ತದೆ.

ಆರುನೂರರ ಸಮಾಧಾನ ಹಳೆಯ ನಿಯಮದ ಪಳೆಯುಳಿಕೆ. ಸಿಡಿ4 ಇಷ್ಟಕ್ಕಿಳಿಯಲಿ, ಆಮೇಲೆ ಮಾತ್ರೆ ಎನ್ನುತ್ತಿದ್ದ ಕಾಲವಿತ್ತು. 2015ರ 'ಸ್ಟಾರ್ಟ್' ಅಧ್ಯಯನ ಸಿಡಿ4 ಐನೂರು ದಾಟಿದ್ದವರನ್ನೇ ತೆಗೆದುಕೊಂಡಿತ್ತು. ತಡಮಾಡದೆ ಮಾತ್ರೆ ಶುರುಮಾಡಿದವರಲ್ಲಿ ಗಂಭೀರ ಕಾಯಿಲೆ, ಸಾವಿನ ಅಪಾಯ ಕಾದು ಕೂತವರ ಅರ್ಧಕ್ಕಿಂತಲೂ ಕೆಳಗಿತ್ತು. 2017ರಿಂದ ನಮ್ಮ ದೇಶದಲ್ಲೂ ಸೋಂಕು ಖಚಿತವಾದ ಎಲ್ಲರಿಗೂ, ಸಿಡಿ4 ಎಷ್ಟೇ ಇರಲಿ, ಮಾತ್ರೆ ಉಚಿತ.

ಮುಂದಿನ ಸಲ ಈ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋದಾಗ ಸಿಡಿ4 ಒಂದನ್ನೇ ಕೇಳಿಕೊಂಡು ಬಸ್ಸು ಹತ್ತಬೇಡಿ. ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ಸೇ ಎಷ್ಟಿದೆ ಎಂದೂ ಕೇಳಿ.