ಹೆಸರು ಮತ್ತು ಎಣಿಕೆ: ಶಿಶುಶವಪರೀಕ್ಷೆಯಲ್ಲಿ ಅಸ್ಥಿವೈಕಲ್ಯದ ನಿರ್ಣಯ

ಡೆನ್ಮಾರ್ಕಿನ ಮೋರ್ಕ್ ಅವರು ಕುಬ್ಜತೆಯನ್ನು ಕುರಿತು 1941ರಲ್ಲಿ ಪ್ರಕಟಿಸಿದ ಗ್ರಂಥವು ಆನುವಂಶಿಕಶಾಸ್ತ್ರದ ಪಠ್ಯಗಳಲ್ಲಿ ಬಹುಕಾಲ ಪ್ರಮಾಣವಾಗಿದ್ದಿತು. ಕೋಪನ್‌ಹೇಗನ್ನಿನ ಹೆರಿಗೆ ಆಸ್ಪತ್ರೆಯ 94,075 ಜನನಗಳಲ್ಲಿ 10 ಶಿಶುಗಳಿಗೆ ಇಂದು ಅಕಾಂಡ್ರೋಪ್ಲೇಸಿಯಾ ಎನಿಸಿಕೊಳ್ಳುವ ವೈಕಲ್ಯವಿದ್ದಿತು. ಅವುಗಳಲ್ಲಿ 8ರ ತಂದೆತಾಯಿಗಳಿಗೆ ಅದು ಇರಲಿಲ್ಲ. ಆದುದರಿಂದ ಆ 8 ಹೊಸ ಉತ್ಪರಿವರ್ತನೆಗಳು ಎಂಬುದು ಅವರ ಲೆಕ್ಕ.

ಈ ಗಣಿತವನ್ನು ಆಕ್ಷೇಪಿಸುವುದು ನಮ್ಮ ಉದ್ದೇಶವಲ್ಲ. ಇತಿಹಾಸದ ಅಧ್ಯಾಪಕರಾದ ನಮ್ಮ ಪ್ರಶ್ನೆ ಆಕರವನ್ನು ಕುರಿತದ್ದು. ಆ ಹತ್ತು ಶಿಶುಗಳಿಗೂ ಒಂದೇ ಹೆಸರು ಸಲ್ಲುತ್ತಿದ್ದಿತೆ?

ಸಲ್ಲುತ್ತಿದ್ದಿತೆಂದು ನಂಬುವುದು ಕಷ್ಟ. ಕೈಕಾಲು ಗಿಡ್ಡವಾಗಿ ಹುಟ್ಟಿ ಒಡನೆಯೇ ಮೃತಪಟ್ಟ ಶಿಶುಗಳನ್ನು ಆ ಕಾಲದಲ್ಲಿ ಸಾಮಾನ್ಯವಾಗಿ ಇದೇ ಹೆಸರಿನಡಿ ಸೇರಿಸುತ್ತಿದ್ದರು. 1967ರಲ್ಲಿ ಫ್ರಾನ್ಸಿನ ಮಾರೊಟೊ ಮತ್ತು ಅವರ ಸಹೋದ್ಯೋಗಿಗಳು ಅಂತಹವುಗಳಲ್ಲಿ ಒಂದು ವರ್ಗವನ್ನು ಬೇರ್ಪಡಿಸಿ, 'ಮರಣವನ್ನು ಹೊತ್ತುದು' ಎಂಬರ್ಥದ ಗ್ರೀಕ್ ಪದದಿಂದ ಥನಟೋಫೊರಿಕ್ ಎಂದು ಕರೆದರು. ಅಕಾಂಡ್ರೋಪ್ಲೇಸಿಯಾ ಇರುವವರು ಬಹುಮಟ್ಟಿಗೆ ಬೆಳೆದು ದೊಡ್ಡವರಾಗುತ್ತಾರೆ. ಥನಟೋಫೊರಿಕ್ ಶಿಶುಗಳು ಎದೆಗೂಡಿನ ಸಂಕೋಚದಿಂದ ಸಾಮಾನ್ಯವಾಗಿ ಬೇಗನೆ ಅಸುನೀಗುತ್ತವೆ. ಶವಪರೀಕ್ಷೆಯಲ್ಲಿ ಈ ಭೇದ ಸ್ಪಷ್ಟವಾಗುತ್ತದೆ. ಕ್ಷ-ಕಿರಣ ಚಿತ್ರದಲ್ಲಿ ಕಶೇರುಗಳು ಚಪ್ಪಟೆಯಾಗಿ, ತೊಡೆಯೆಲುಬು ಅನೇಕವೇಳೆ ಹಳೆಯ ಟೆಲಿಫೋನಿನ ಹಿಡಿಯಂತೆ ಬಾಗಿ ಕಾಣುತ್ತವೆ. ಸೂಕ್ಷ್ಮದರ್ಶಕದಲ್ಲಿ ಬೆಳೆಯುವ ಮೃದ್ವಸ್ಥಿಯ ಕೋಶಗಳ ಸಾಲು ಅಸ್ತವ್ಯಸ್ತವಾಗಿರುತ್ತದೆ; ಅಕಾಂಡ್ರೋಪ್ಲೇಸಿಯಾದಲ್ಲಿ ಆ ಸಾಲು ಮೋಟಾದರೂ ಕ್ರಮ ಉಳಿದಿರುತ್ತದೆ. ಎರಡಕ್ಕೂ ಒಂದೇ ಜೀನಿನ ದೋಷ ಕಾರಣವೆಂದು 1994 ಮತ್ತು 1995ರಲ್ಲಿ ತಿಳಿದುಬಂದರೂ ಈ ಭೇದ ಅಳಿಸಿಹೋಗಲಿಲ್ಲ.

ಇದು ಕೇವಲ ಪಂಡಿತರ ವಿವಾದವಲ್ಲ. ಮಗುವನ್ನು ಕಳೆದುಕೊಂಡ ತಂದೆತಾಯಿಗಳು ಮುಂದಿನ ಮಗುವಿನ ಗತಿಯೇನೆಂದು ಕೇಳುತ್ತಾರೆ. ಥನಟೋಫೊರಿಕ್ ದೋಷ ಮರುಕಳಿಸುವ ಸಂಭವ ಅತ್ಯಲ್ಪ. ಹೊರನೋಟಕ್ಕೆ ಅದನ್ನೇ ಹೋಲುವ ಅಕಾಂಡ್ರೋಜೆನೆಸಿಸ್‌ನ ಕೆಲವು ಪ್ರಭೇದಗಳಲ್ಲಿ ಪ್ರತಿ ಗರ್ಭದಲ್ಲಿಯೂ ಆ ಸಂಭವ ನಾಲ್ಕರಲ್ಲೊಂದು. 'ಕುಬ್ಜ ಶಿಶು' ಎಂದಷ್ಟೇ ಬರೆದಿಟ್ಟ ವರದಿ ಇವರಿಗೆ ಯಾವ ಉತ್ತರವನ್ನೂ ಕೊಡಲಾರದು.

1967ರ ವಿವೇಚನೆ 1941ರಲ್ಲಿರಬೇಕಿತ್ತೆಂದು ಮೋರ್ಕ್ ಅವರನ್ನು ದೂಷಿಸುವುದು ನ್ಯಾಯವಲ್ಲ. ಹೊಸ ವಿಂಗಡಣೆ ಬಂದ ಮೇಲೆಯೂ ಹಳೆಯ ಸಂಖ್ಯೆಯನ್ನು ಪರೀಕ್ಷಿಸದೆ ಉದ್ಧರಿಸಿದವರದು ನಿಜವಾದ ಲೋಪ. ಶಾಸನದ ಪಾಠ ತಪ್ಪಾಗಿದ್ದರೂ ಅದರ ಅಚ್ಚು ಉಳಿದಿದ್ದರೆ ಮುಂದಿನ ವಿದ್ವಾಂಸರು ತಿದ್ದಬಲ್ಲರು. ಅಂತೆಯೇ, ತಂದೆತಾಯಿಗಳ ಒಪ್ಪಿಗೆ ಪಡೆದು, ಇಡೀ ದೇಹದ ಕ್ಷ-ಕಿರಣ ಚಿತ್ರ, ಮೃದ್ವಸ್ಥಿಯ ಛೇದ ಮತ್ತು ಜೀನ್ ಪರೀಕ್ಷೆಗೆ ಬೇಕಾದ ಅಂಗಾಂಶ ಇವುಗಳನ್ನು ಕಾದಿರಿಸದ ಶವಪರೀಕ್ಷೆಯನ್ನು ಪೂರ್ಣವೆಂದು ನಾವು ಒಪ್ಪಲಾರೆವು.